ಉತ್ತಪ್ಪ ಯಾರ ಪೈಕಿ?

ಕೊಡಗಿನಲ್ಲಿ ಹೊಸ ಮುಖ ಕಂಡರೆ ಹೆಸರಿಗಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ. 'ಯಾರ ಪೈಕಿ?'

ಇದರಲ್ಲಿ ಕೆಟ್ಟದ್ದೇನೂ ಇಲ್ಲ. ತೋಟದ ನಡುವೆ ದೂರ ದೂರ ಮನೆಗಳಿರುವ ನಮ್ಮ ಊರುಗಳಲ್ಲಿ ಮನೆತನದ ಹೆಸರೇ ವಿಳಾಸ. ಪೋಸ್ಟ್‌ಮ್ಯಾನ್‌ಗೂ ಅದೇ ಬೇಕು, ಸ್ಟ್ರಿಂಗರ್ ಆದ ನನಗೂ ಅದೇ ಬೇಕು. ಬೋಪಣ್ಣ ಎಂದರೆ ಊರಿಗೆ ನಾಲ್ಕು ಜನ ಇರುತ್ತಾರೆ. ಮಚ್ಚಂಡ ರೋಹನ್ ಬೋಪಣ್ಣ ಎಂದರೆ ಗೊಂದಲವಿಲ್ಲ. ಪೊನ್ನಪ್ಪ ಎಂದರೂ ಹಾಗೆಯೇ, ಮಾಚಿಮಂಡ ಅಶ್ವಿನಿ ಎಂದ ಕೂಡಲೇ ಮುದುಕರು ಕೂತಲ್ಲೇ ಯಾವ ನಾಡು, ಯಾವ ಊರು ಎಂದು ಹೇಳಿಬಿಡುತ್ತಾರೆ.

ಆದರೆ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲದವರು ಏನು ಮಾಡಬೇಕು?

ಕಳೆದ ವರ್ಷ ಶಾಲಾ ಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ವರದಿ ಮಾಡಲು ಹೋಗಿದ್ದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸಿಮೆಂಟಿನ ಅಂಕಣದ ನೀರನ್ನು ಮಕ್ಕಳೇ ಪೊರಕೆ ಹಿಡಿದು ತಳ್ಳಿ ಆಟ ಶುರು ಮಾಡಿದ್ದರು. ಒಬ್ಬಳು ಎತ್ತರದ ಹುಡುಗಿ, ಎಂಟನೆಯದೋ ಒಂಬತ್ತನೆಯದೋ ಕ್ಲಾಸು, ಪಂದ್ಯವನ್ನು ಒಬ್ಬಳೇ ಹೊತ್ತುಕೊಂಡು ಓಡಿದ ಹಾಗೆ ಆಡಿದಳು. ಆಟ ಮುಗಿದ ಮೇಲೆ ಮೈಕ್ ಹಿಡಿದವರು ಅವಳನ್ನು ಕರೆದು, 'ಮನೆ ಹೆಸರು ಹೇಳಮ್ಮ' ಅಂದರು. ಅವಳು ತನ್ನ ಹೆಸರು ಹೇಳಿದಳು. 'ಅದಲ್ಲ, ಮನೆ ಹೆಸರು.' ಅವಳು ಮತ್ತೆ ತನ್ನ ಹೆಸರನ್ನೇ ಹೇಳಿದಳು.

ನನ್ನ ಹಿಂದೆ ನಿಂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು. 'ಅಪ್ಪ ನಮ್ಮವನೇ. ಅಮ್ಮ ಆಚೆಯವಳು, ಮಲಯಾಳಿ.' ಇನ್ನೊಬ್ಬರು, 'ಆಟ ನೋಡು ಮಾರಾಯ, ನಮ್ಮ ರಕ್ತ ಅದು' ಎಂದರು. ಹತ್ತು ನಿಮಿಷ ಮೊದಲು ಅವಳ ಕೈಯಿಂದ ಒಂದು ಪಾಸ್ ಜಾರಿದಾಗ 'ಅದು ಅಮ್ಮನ ಕಡೆಯದ್ದು' ಎಂದು ನಕ್ಕವರೂ ಅವರೇ.

ನಾನು ಇದನ್ನು ಕೇಳಿ ಸಿಟ್ಟಾದೆ ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವನು ಅಂದುಕೊಳ್ಳುತ್ತೀರಿ. ಆದರೆ ಆ ಸಂಜೆ ನಾನು ಕಳಿಸಿದ ನಾಲ್ಕು ಸಾಲಿನ ಸುದ್ದಿಯಲ್ಲಿ ಹುಡುಗಿಯ ಹೆಸರು, ಶಾಲೆ, ಅಪ್ಪನ ಮನೆತನ, ಅಪ್ಪನ ಹೆಸರು ಇತ್ತು. ಅಪ್ಪ ಮೈದಾನದಲ್ಲೇ ಇರಲಿಲ್ಲ. ನೀರಿನ ಬಾಟಲಿ, ಛತ್ರಿ, ಒಣ ಟವೆಲ್ ಹಿಡಿದು ಬೆಳಗಿನಿಂದ ಅಂಕಣದ ಪಕ್ಕ ನಿಂತಿದ್ದ ಅಮ್ಮನ ಹೆಸರನ್ನು ನಾನು ಕೇಳಲೇ ಇಲ್ಲ.

ಅವತ್ತು ಬೈಕಿನಲ್ಲಿ ಮನೆಗೆ ಬರುವಾಗ ತಲೆಯಲ್ಲಿ ಓಡುತ್ತಿದ್ದದ್ದು ರಾಬಿನ್ ಉತ್ತಪ್ಪ.

ನಮ್ಮ ಜಿಲ್ಲೆಯ ಆಟಗಾರರಲ್ಲಿ ಎರಡು ಮನೆಯ ಕತೆ ಇರುವ ಅತ್ಯಂತ ದೊಡ್ಡ ಹೆಸರು ಅವರದ್ದು. 1985ರ ನವೆಂಬರ್ 11ರಂದು ಹುಟ್ಟಿದವರು. ತಂದೆ ವೇಣು ಉತ್ತಪ್ಪ ಕೊಡವರು, ಅಂತರರಾಷ್ಟ್ರೀಯ ಹಾಕಿ ಅಂಪೈರ್ ಆಗಿದ್ದವರು. ತಾಯಿ ರೋಸ್ಲಿನ್ ಮಲಯಾಳಿ ಕ್ರೈಸ್ತರು. ಹಾಕಿ ಅಂಪೈರ್ ಮಗ ಕ್ರಿಕೆಟ್ ಬ್ಯಾಟ್ ಹಿಡಿದದ್ದೇ ನಮ್ಮಲ್ಲಿ ಕೆಲವರಿಗೆ ಮೊದಲ ಬೇಸರ. ಅದು ತಮಾಷೆಯ ಬೇಸರ, ಬಿಡಿ.

2006ರ ಏಪ್ರಿಲ್ 15, ಇಂದೋರ್. ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ 86 ರನ್. ಏಕದಿನ ಕ್ರಿಕೆಟ್‌ಗೆ ಕಾಲಿಟ್ಟ ಪಂದ್ಯದಲ್ಲಿ ಭಾರತೀಯರೊಬ್ಬರು ಹೊಡೆದ ಅತಿ ಹೆಚ್ಚು ರನ್ ಅದು, ಅವತ್ತಿಗೆ. ಅದಕ್ಕೆ ಮೊದಲು ಆ ದಾಖಲೆ ಇದ್ದದ್ದು 1974ರಲ್ಲಿ 82 ಹೊಡೆದ ಬ್ರಿಜೇಶ್ ಪಟೇಲ್ ಹೆಸರಲ್ಲಿ. ಉತ್ತಪ್ಪ ಅವರ ದಾಖಲೆ ಮುರಿದದ್ದು 2016ರಲ್ಲಿ ಜಿಂಬಾಬ್ವೆಯಲ್ಲಿ ಅಜೇಯ 100 ಹೊಡೆದ ಕೆ.ಎಲ್. ರಾಹುಲ್. ಮೂವರೂ ಕರ್ನಾಟಕದ ಆಟಗಾರರು. ಒಬ್ಬರು ಬರೋಡಾದಲ್ಲಿ ಹುಟ್ಟಿದ ಗುಜರಾತಿ, ಒಬ್ಬರು ಕೊಡವ ಅಪ್ಪ ಮಲಯಾಳಿ ಅಮ್ಮನ ಮಗ, ಒಬ್ಬರು ಮಂಗಳೂರಿನ ಕಡೆಯಿಂದ ಬಂದವರು. ಇಂದೋರ್‌ನಲ್ಲಿ ಅವತ್ತು ಉತ್ತಪ್ಪ ಜೊತೆ ಬ್ಯಾಟಿಂಗ್ ಶುರು ಮಾಡಿದ ನಾಯಕ ರಾಹುಲ್ ದ್ರಾವಿಡ್ ಹುಟ್ಟಿದ್ದೂ ಅದೇ ಇಂದೋರ್‌ನಲ್ಲಿ, ಮರಾಠಿ ಮನೆಯಲ್ಲಿ. ದ್ರಾವಿಡ್ ಯಾರ ಪೈಕಿ ಎಂದು ಕರ್ನಾಟಕದಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಮಾರನೆಯ ವರ್ಷದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರುವ ರಾತ್ರಿ. 2007ರ ಸೆಪ್ಟೆಂಬರ್ 14, ಡರ್ಬನ್, ಮೊದಲ ಟಿ20 ವಿಶ್ವಕಪ್, ಎದುರಿಗೆ ಪಾಕಿಸ್ತಾನ. ನನ್ನ ಅಪ್ಪ ಆಗ ಕಾಫಿ ತೋಟದಲ್ಲಿ ರೈಟರ್. ತೋಟದ ಆಫೀಸಿನ ಟಿವಿ ಮುಂದೆ ನಾವೊಂದು ಹದಿನೈದು ಜನ. ಮೇಸ್ತ್ರಿ, ಡ್ರೈವರ್, ಲೈನ್ ಮನೆಯ ಹುಡುಗರು, ಸಾಹುಕಾರರ ಮಗನ ಗೆಳೆಯರು ಇಬ್ಬರು. ಕರೆಂಟ್ ಎರಡು ಸಲ ಹೋಗಿ ಬಂತು. ಭಾರತದ ವಿಕೆಟ್‌ಗಳು ಬೀಳುತ್ತಾ ಹೋದಾಗ ನಿಂತವರು ಉತ್ತಪ್ಪ, 50 ರನ್. ಎರಡೂ ತಂಡ 141. ಪಂದ್ಯ ಟೈ ಆಗಿ, ಖಾಲಿ ವಿಕೆಟ್‌ಗೆ ಚೆಂಡು ಎಸೆಯುವ ಬೌಲ್ ಔಟ್ ಬಂತು. ಸೆಹ್ವಾಗ್ ಹೊಡೆದರು, ಹರ್ಭಜನ್ ಹೊಡೆದರು, ಬೌಲರೇ ಅಲ್ಲದ ಉತ್ತಪ್ಪ ಕೂಡ ಹೊಡೆದರು. ಪಾಕಿಸ್ತಾನದ ಮೂರೂ ಚೆಂಡು ವಿಕೆಟ್ ತಪ್ಪಿದವು.

ಆ ಕೋಣೆಯಲ್ಲಿ ಕನ್ನಡ, ಕೊಡವ ತಕ್ಕ್, ಮಲಯಾಳ, ತಮಿಳು ಎಲ್ಲದರಲ್ಲೂ ಒಟ್ಟಿಗೆ ಕೂಗು ಎದ್ದಿತು. 'ನಮ್ಮ ಹುಡುಗ' ಎಂದು ಎಲ್ಲರೂ ಹೇಳಿದರು. ಮೇಸ್ತ್ರಿ ಮಲಯಾಳಿ, ಅವನೂ ಹೇಳಿದ. ಯಾರೂ ಯಾರನ್ನೂ ತಿದ್ದಲಿಲ್ಲ.

ಅದಕ್ಕೆ ಒಂಬತ್ತು ದಿನ ಮೊದಲಷ್ಟೇ, ಸೆಪ್ಟೆಂಬರ್ 5ರಂದು, ಲಂಡನ್ನಿನ ಓವಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 317ರ ಗುರಿ ಬೆನ್ನಟ್ಟಿದ ಪಂದ್ಯವನ್ನು ಅಜೇಯ 47 ಹೊಡೆದು ಗೆಲ್ಲಿಸಿದ್ದರು. ವೇಗದ ಬೌಲರ್‌ಗೆ ಕ್ರೀಸ್ ಬಿಟ್ಟು ನಡೆದು ಬಂದು ಹೊಡೆಯುವ ಆ ಧೈರ್ಯವನ್ನು ನಾವು ಹುಡುಗರು ತೋಟದ ಕಣದಲ್ಲಿ ಟೆನಿಸ್ ಬಾಲ್‌ಗೆ ಅನುಕರಿಸಿ ಎಷ್ಟು ಸಲ ಬೌಲ್ಡ್ ಆಗಿದ್ದೇವೋ.

ಆಮೇಲೆ ಇಳಿಜಾರು. ಭಾರತ ತಂಡದಲ್ಲಿ ಜಾಗ ಹೋಯಿತು. ಐಪಿಎಲ್‌ನಲ್ಲಿ ಮೊದಲ ವರ್ಷ ಮುಂಬೈ. 2009ಕ್ಕೆ ಜಹೀರ್ ಖಾನ್ ಮುಂಬೈಗೆ, ಉತ್ತಪ್ಪ ಬೆಂಗಳೂರಿಗೆ ಎಂದು ಅದಲುಬದಲಾಯಿತು. 2011ರಲ್ಲಿ ಪುಣೆ ತಂಡ 21 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಊರಲ್ಲಿ ದುಡ್ಡಿನ ಲೆಕ್ಕ ಹಾಕಿದವರೇ ಹೆಚ್ಚು. ಒಂದು ಎಕರೆ ತೋಟಕ್ಕೆ ಎಷ್ಟು, ಇವನ ಒಂದು ರನ್ನಿಗೆ ಎಷ್ಟು ಅಂತ.

ಆ ದಿನಗಳ ಒಳಗಿನ ಕತೆ ನಮಗೆ ಗೊತ್ತಾದದ್ದು 2020ರಲ್ಲಿ, ಅವರೇ ಬಾಯಿಬಿಟ್ಟು ಹೇಳಿದ ಮೇಲೆ. 2009ರಿಂದ 2011ರವರೆಗೆ ಖಿನ್ನತೆಯ ಜೊತೆ ದಿನದಿನವೂ ಹೋರಾಡಿದ್ದು, ಬದುಕೇ ಬೇಡ ಅನ್ನಿಸಿದ್ದು, ಡೈರಿ ಬರೆಯುತ್ತಾ ತನ್ನನ್ನು ತಾನು ಅರ್ಥ ಮಾಡಿಕೊಂಡದ್ದು, ಹೊರಗಿನವರ ಸಹಾಯ ಪಡೆದದ್ದು. ಇದನ್ನು ನಾನು ಅಪ್ಪ ಅಮ್ಮನ ಜಾತಿ, ಭಾಷೆಗೆ ಗಂಟು ಹಾಕುವುದಿಲ್ಲ. ಖಿನ್ನತೆ ಒಂದೇ ಒಕ್ಕದ, ಒಂದೇ ಭಾಷೆಯ ಮನೆಗೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗೆ ಬಂದಿದೆ ಎಂದು ಸ್ಟ್ರಿಂಗರ್‌ಗಳನ್ನು ಕೇಳಿ, ಮೂರು ಸಾಲಿನ ಸುದ್ದಿಯಾಗಿ ಅದನ್ನು ಬರೆಯುವವರು ನಾವೇ. ಲಕ್ಷಾಂತರ ಡಾಲರ್ ಸಂಬಳದ ಆಟಗಾರನೊಬ್ಬ, ಅದೂ ಗಂಡಸು ಅಳಬಾರದು ಎಂದು ನಂಬಿರುವ ಊರಿನ ಕಡೆಯವನು, ನನಗೆ ಹೀಗಾಗಿತ್ತು ಎಂದು ಎಲ್ಲರೆದುರು ಹೇಳಿದ್ದು ನನ್ನ ಲೆಕ್ಕದಲ್ಲಿ ಓವಲ್ ಇನಿಂಗ್ಸ್‌ಗಿಂತ ದೊಡ್ಡದು. ಈ ಬರಹ ಓದುತ್ತಿರುವ ನಿಮಗೆ, ಅಥವಾ ಮನೆಯಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

2011ರಲ್ಲೇ ಇನ್ನೊಂದು ಆಯಿತು. ಉತ್ತಪ್ಪ ಮತ್ತು ಅವರ ತಂಗಿ ತಾಯಿಯ ಧರ್ಮವಾದ ಕ್ರೈಸ್ತ ಧರ್ಮಕ್ಕೆ ಸೇರಿದರು. ಅದು ಅವರ ಮನಸ್ಸಿನ ವಿಷಯ, ನನಗೂ ನಿಮಗೂ ಅಲ್ಲಿ ಕೆಲಸವಿಲ್ಲ. ಆದರೆ ನಮ್ಮೂರ ಚಹಾದಂಗಡಿಗೆ ಕೆಲಸ ಸಿಕ್ಕಿತು. ಡರ್ಬನ್ ರಾತ್ರಿ 'ನಮ್ಮ ಹುಡುಗ' ಎಂದ ಬಾಯಿಗಳೇ 'ಅಮ್ಮನ ಕಡೆಗೆ ಹೋದ' ಎಂದವು. ಮಗ ಅಮ್ಮನ ಕಡೆ ಹೋಗುವುದು ಯಾವಾಗಿನಿಂದ ಅಪರಾಧವಾಯಿತೋ.

ಅವರು ಮತ್ತೆ ಎದ್ದದ್ದು ಕಷ್ಟಪಟ್ಟು. ಪ್ರವೀಣ್ ಆಮ್ರೆ ಅವರ ಹತ್ತಿರ ಕೂತು, ಬಾಲ್ಯದಿಂದ ರೂಢಿಯಾದ ಬ್ಯಾಟಿಂಗ್ ಬಿಚ್ಚಿ ಹೊಸದಾಗಿ ಕಟ್ಟಿಕೊಂಡರು. ದೇಶಕ್ಕೆ ಆಡಿದ ಮೇಲೆ ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂತ ಹಾಗೆ. ಫಲ 2014ರಲ್ಲಿ ಬಂತು. ಕೋಲ್ಕತ್ತ ತಂಡದಲ್ಲಿ 660 ರನ್, ಐಪಿಎಲ್‌ನ ಕಿತ್ತಳೆ ಟೋಪಿ, ತಂಡಕ್ಕೆ ಕಪ್. 2014-15ರ ರಣಜಿಯಲ್ಲಿ 912 ರನ್, ಆ ಋತುವಿನಲ್ಲಿ ದೇಶದಲ್ಲೇ ಹೆಚ್ಚು. ಕರ್ನಾಟಕ ಸತತ ಎರಡು ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಬಾಚಿಕೊಂಡ ಕಾಲ ಅದು. ಆ ತಂಡವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328 ಹೊಡೆದ ಕರುಣ್ ನಾಯರ್ ಜೋಧ್‌ಪುರದಲ್ಲಿ ಹುಟ್ಟಿದ ಮಲಯಾಳಿ. ಆ ತಂಡದಲ್ಲಿ 'ಅಪ್ಪಟ' ಯಾರು ಎಂದು ಹುಡುಕಲು ಕೂತರೆ ಹನ್ನೊಂದು ಜನ ಸಿಗುತ್ತಿರಲಿಲ್ಲ, ಕಪ್ಪೂ ಸಿಗುತ್ತಿರಲಿಲ್ಲ.

2017ರಲ್ಲಿ ಉತ್ತಪ್ಪ ಕರ್ನಾಟಕ ಬಿಟ್ಟು ಸೌರಾಷ್ಟ್ರಕ್ಕೆ ಹೋದರು. ಎರಡು ಋತು ಆದ ಮೇಲೆ, 2019ರಲ್ಲಿ, ಕೇರಳಕ್ಕೆ. ವೃತ್ತಿಪರ ಆಟಗಾರ ಮೂವತ್ತು ದಾಟಿದ ಮೇಲೆ ಅವಕಾಶ ಇದ್ದಲ್ಲಿಗೆ ಹೋಗುತ್ತಾನೆ. ಕೂರ್ಗ್‌ನ ಪಿಕ್‌ಅಪ್ ಡ್ರೈವರ್ ದುಬೈಗೆ ಹೋಗುವುದಿಲ್ಲವೇ, ಹಾಗೆ. ಸೌರಾಷ್ಟ್ರಕ್ಕೆ ಹೋದಾಗ ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ರಾಜಕೋಟ್ ಎಲ್ಲಿದೆ ಎಂದೇ ಅರ್ಧ ಜನಕ್ಕೆ ಗೊತ್ತಿಲ್ಲ. ಕೇರಳ ಅಂದ ಕೂಡಲೇ ಕಿವಿ ನಿಮಿರಿತು. ಮಾಕುಟ್ಟ ಇಳಿದರೆ ಕೇರಳ, ಕುಟ್ಟ ದಾಟಿದರೆ ಕೇರಳ. ಶುಂಠಿ ಬೆಳೆಯುವವರು ಅಲ್ಲಿಂದ ಬಂದವರು, ನಮ್ಮ ರೋಗಿಗಳು ಆಸ್ಪತ್ರೆಗೆಂದು ಹೋಗುವುದು ಅಲ್ಲಿಗೆ. ಅಷ್ಟು ಹತ್ತಿರ ಇರುವುದರಿಂದಲೇ ಅಷ್ಟು ಅನುಮಾನ. 'ನೋಡಿದಿರಾ, ಕೊನೆಗೆ ಅಮ್ಮನ ಊರಿಗೇ ಹೋದ' ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು. ಇಪ್ಪತ್ತು ಜನ ನಗುವ ಮುಖ ಒತ್ತಿದರು. ಒತ್ತಿದವರಲ್ಲಿ ನಾನೂ ಒಬ್ಬ. ಯಾಕೆ ಒತ್ತಿದೆ ಎಂದು ಕೇಳಿದರೆ ಉತ್ತರವಿಲ್ಲ. ಎಲ್ಲರೂ ಒತ್ತುತ್ತಿದ್ದರು.

ಈಗ ನನಗೆ ಬಹಳ ಇಷ್ಟವಾದ ಪಂದ್ಯದ ಮಾತು. 2021ರ ಮಾರ್ಚ್ 8, ದೆಹಲಿ, ವಿಜಯ್ ಹಜಾರೆ ಟ್ರೋಫಿಯ ಕ್ವಾರ್ಟರ್ ಫೈನಲ್. ಕರ್ನಾಟಕಕ್ಕೆ ಎದುರು ಕೇರಳ. ಕೇರಳದ ಪರ ಕೊಡಗಿನ ರಾಬಿನ್ ಉತ್ತಪ್ಪ. ಆ ಟೂರ್ನಿಯಲ್ಲಿ ಒಡಿಶಾ ಮೇಲೆ 107, ರೈಲ್ವೇಸ್ ಮೇಲೆ 100, ಬಿಹಾರದ ಮೇಲೆ ಬರೀ 32 ಚೆಂಡಿಗೆ ಅಜೇಯ 87 ಹೊಡೆದು ಬಂದಿದ್ದರು. ಕರ್ನಾಟಕದ ಪರ ಇನಿಂಗ್ಸ್ ಶುರು ಮಾಡಿದವರು ದೇವದತ್ತ ಪಡಿಕ್ಕಲ್. ಪಡಿಕ್ಕಲ್ ಹುಟ್ಟಿದ್ದೆಲ್ಲಿ? ಕೇರಳದ ಎಡಪ್ಪಾಳ್‌ನಲ್ಲಿ, ಮಲಯಾಳಿ ಮನೆಯಲ್ಲಿ.

ಪಡಿಕ್ಕಲ್ 101 ಹೊಡೆದರು. ಜೊತೆಗಾರ ಆರ್. ಸಮರ್ಥ್ 192. ಕರ್ನಾಟಕ 80 ರನ್ನಿನಿಂದ ಗೆದ್ದಿತು. ಉತ್ತಪ್ಪ ಬೇಗ ಔಟಾದರು.

ಕೇರಳದಲ್ಲಿ ಹುಟ್ಟಿದ ಹುಡುಗ ಕರ್ನಾಟಕವನ್ನು ಗೆಲ್ಲಿಸಿದ, ಕೊಡಗಿನ ಹುಡುಗ ಕೇರಳವನ್ನು ಉಳಿಸಲಾಗಲಿಲ್ಲ. ಅವತ್ತು ಅದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಡಿಕ್ಕಲ್ 'ನಮ್ಮ ಕರ್ನಾಟಕದ ಹೆಮ್ಮೆ'. ಅಂದರೆ ಗೆದ್ದವನಿಗೆ ಊರು ಕೇಳುವುದಿಲ್ಲ ನಾವು. ಸೋತವನಿಗೆ, ಬಿಟ್ಟು ಹೋದವನಿಗೆ ಮಾತ್ರ ಅಮ್ಮನ ಊರು ನೆನಪಿಸುತ್ತೇವೆ.

ಉತ್ತಪ್ಪ ಅದೇ ವರ್ಷ ಚೆನ್ನೈ ತಂಡದಲ್ಲಿ ಮತ್ತೊಂದು ಐಪಿಎಲ್ ಕಪ್ ಗೆದ್ದರು. ಪ್ಲೇ ಆಫ್‌ನಲ್ಲಿ ದೆಹಲಿ ಮೇಲೆ 63, ಫೈನಲ್‌ನಲ್ಲಿ 15 ಚೆಂಡಿಗೆ 31. ಆಟಕ್ಕೆ ವಿದಾಯ ಹೇಳಿದ್ದು 2022ರ ಸೆಪ್ಟೆಂಬರ್ 14ರಂದು. ಡರ್ಬನ್ನಿನ ಆ ರಾತ್ರಿಗೆ ಸರಿಯಾಗಿ ಹದಿನೈದು ವರ್ಷ. ಭಾರತಕ್ಕೆ 46 ಏಕದಿನ, 13 ಟಿ20. ಟೆಸ್ಟ್ ಒಂದೂ ಸಿಗಲಿಲ್ಲ. ಅದು ಅನ್ಯಾಯ ಎಂದು ವಾದಿಸುವವರು ಇದ್ದಾರೆ, ನಾನು ಅಷ್ಟು ದೂರ ಹೋಗುವುದಿಲ್ಲ. ಆ ಕಾಲದಲ್ಲಿ ಟೆಸ್ಟ್ ತಂಡದ ಬ್ಯಾಟಿಂಗ್ ಸಾಲು ಎಂಥದ್ದಿತ್ತು ಎಂದು ನಿಮಗೂ ಗೊತ್ತು.

ವಿದಾಯದ ಆ ಮಾತಿನಲ್ಲಿ ಒಂದು ಸಣ್ಣ ವಿಷಯ ಇತ್ತು. ಕೊನೆಯ ವರ್ಷಗಳಲ್ಲಿ ಆಡಿದ್ದು ಕೇರಳಕ್ಕೆ. ಆದರೂ ದೇಶವನ್ನು ಮತ್ತು ನನ್ನ ರಾಜ್ಯ ಕರ್ನಾಟಕವನ್ನು ಪ್ರತಿನಿಧಿಸಿದ್ದು ದೊಡ್ಡ ಗೌರವ ಎಂಬ ಅರ್ಥದಲ್ಲಿ ಬರೆದರು. ಸೌರಾಷ್ಟ್ರ, ಕೇರಳ ಸಂಸ್ಥೆಗಳಿಗೂ ಧನ್ಯವಾದ ಹೇಳಿದರು. ಅಪ್ಪನ ಮನೆ, ಅಮ್ಮನ ಮನೆ, ಕೆಲಸ ಕೊಟ್ಟ ಮನೆ. ಯಾವುದನ್ನೂ ಬಿಟ್ಟುಕೊಡಬೇಕಾಗಿ ಬರಲಿಲ್ಲ ಅವರಿಗೆ. ಬಿಡಿಸಲು ನೋಡಿದವರು ನಾವು.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ರುಯಿ ಹಚಿಮುರಾ ಎಂಬ ಆಟಗಾರ ಇದ್ದಾರೆ. ಜಪಾನಿನ ತೊಯಾಮಾದಲ್ಲಿ 1998ರಲ್ಲಿ ಹುಟ್ಟಿದವರು. ಅಮ್ಮ ಜಪಾನಿನವರು, ಅಪ್ಪ ಆಫ್ರಿಕಾದ ಬೆನಿನ್ ದೇಶದವರು. 2019ರಲ್ಲಿ ವಾಷಿಂಗ್ಟನ್ ತಂಡ ಇಡೀ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಅವರನ್ನು ಆರಿಸಿತು, ಈಗಿನ ಪ್ರಸಿದ್ಧಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿ ಬಂದದ್ದು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಬಾವುಟ ಹಿಡಿದು ನಡೆದ ಇಬ್ಬರಲ್ಲಿ ಇವರೂ ಒಬ್ಬರು. ಅದೇ ವರ್ಷ ಅವರಿಗೂ, ಬ್ಯಾಸ್ಕೆಟ್‌ಬಾಲ್ ಆಡುವ ಅವರ ತಮ್ಮನಿಗೂ ಮೈಬಣ್ಣ ಹಿಡಿದು ಬೈಯುವ ಸಂದೇಶಗಳು ಬಂದವು. ಹೆಚ್ಚುಕಡಿಮೆ ದಿನಾ ಬರುತ್ತವೆ ಎಂದು ರುಯಿ ಹೇಳಿದ್ದರು. ಬಾವುಟ ಹಿಡಿಯುವುದಕ್ಕೆ ನಮ್ಮವನು, ಬೈಯುವುದಕ್ಕೆ ಹೊರಗಿನವನು. ದೇಶ ಬೇರೆ, ಚಹಾದಂಗಡಿ ಒಂದೇ.

ಇಲ್ಲಿ ಹಿರಿಯರು ಒಂದು ಮಾತು ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. 'ನಾವೇ ಇಷ್ಟು ಜನ. ಮಕ್ಕಳು ಬೆಂಗಳೂರಿಗೆ ಹೋದರು, ಐನ್‌ಮನೆಗೆ ಬೀಗ ಬಿತ್ತು, ಭಾಷೆ ಮಾತಾಡುವವರಿಲ್ಲ. ಒಕ್ಕ ಉಳಿಯುವುದು ಬೇಡವೇ?' ಬೇಕು. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು ಇದೇ ಆತಂಕದಿಂದ, ಚದುರಿದ ಕುಟುಂಬಗಳನ್ನು ಒಂದು ಮೈದಾನಕ್ಕೆ ತರಲು. ಮೊದಲ ವರ್ಷ 60 ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ಪುಸ್ತಕ ಸೇರಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಓಡುವುದನ್ನು ಪ್ರತಿವರ್ಷ ಕ್ಯಾಮೆರಾದಲ್ಲಿ ಹಿಡಿಯುತ್ತೇನೆ, ಪ್ರತಿವರ್ಷ ಕಣ್ಣು ತುಂಬುತ್ತದೆ. ಅದನ್ನು ನೋಡಿ ಗೌಡ ಕುಟುಂಬಗಳು ಕ್ರಿಕೆಟ್ ಶುರು ಮಾಡಿದವು, ಬೇರೆ ಬೇರೆ ಸಮುದಾಯದವರೂ ತಮ್ಮ ತಮ್ಮ ಕಪ್ ಮಾಡಿಕೊಂಡರು. ಬೇಸಿಗೆಯಲ್ಲಿ ಕೊಡಗಿನಲ್ಲಿ ಖಾಲಿ ಮೈದಾನ ಸಿಗುವುದಿಲ್ಲ ಈಗ.

ನನ್ನ ತಕರಾರು ಆ ಕಪ್‌ಗಳ ಮೇಲಲ್ಲ. ಮನೆಯ ಹಬ್ಬ ಮನೆಯವರದ್ದೇ. ನನ್ನ ಪ್ರಶ್ನೆ ಬೇರೆ. ಎಲ್ಲ ಮೈದಾನಗಳೂ ಮನೆ ಹಬ್ಬವೇ ಆಗಿಬಿಟ್ಟರೆ, ಒಂದು ಮನೆಯ ಹೆಸರಿಗೆ ಪೂರ್ತಿ ಹೊಂದದ ಮಕ್ಕಳು ಎಲ್ಲಿ ಆಡಬೇಕು? ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಸುಂಟಿಕೊಪ್ಪದ ಯಾವುದೇ ಶಾಲೆಗೆ ಹೋಗಿ ನೋಡಿ. ಅಪ್ಪ ಕೊಡವ, ಅಮ್ಮ ಮಲಯಾಳಿ. ಅಪ್ಪ ತಮಿಳು, ಅಮ್ಮ ಎರವ. ಅಮ್ಮ ಅರೆಭಾಷೆ ಗೌಡರ ಮನೆಯವಳು, ಅಪ್ಪ ಉತ್ತರ ಕರ್ನಾಟಕದಿಂದ ಬಂದ ಮೇಷ್ಟ್ರು. ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಕ್ಕಳು ನಮ್ಮ ಸರ್ಕಾರಿ ಶಾಲೆಯಲ್ಲಿ ಕನ್ನಡದ ಪದ್ಯ ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಇವರಿಗೆ ಒಕ್ಕ ಇಲ್ಲ, ಊರಿದೆ.

ಊರಿನ ಹೆಸರಲ್ಲೇ ದೊಡ್ಡವರಾದವರು ನಮ್ಮಲ್ಲಿ ಇದ್ದಾರಲ್ಲ. ಎಸ್.ವಿ. ಸುನಿಲ್ ಎಂದರೆ ಜನ ಹೇಳುವುದು 'ಸೋಮವಾರಪೇಟೆ ಸುನಿಲ್' ಎಂದು. ಎರಡು ಒಲಿಂಪಿಕ್ಸ್ ಆಡಿದ ಆ ಓಟಗಾರನ ಬೆನ್ನ ಹಿಂದೆ ನಿಂತದ್ದು ಒಂದು ಇಡೀ ಪೇಟೆ. ಬ್ಯಾಸ್ಕೆಟ್‌ಬಾಲ್‌ನಲ್ಲೇ ನೋಡಿ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಪಿ.ಯು. ನವನೀತ ಇದ್ದರು. ಪಿ ಎಂದರೆ ಪಟ್ಟೆಮನೆ. ಹೇಳಿದ ಕೂಡಲೇ ನಮ್ಮವರ ಮುಖ ಅರಳುತ್ತದೆ. ಆ ತಂಡದಲ್ಲಿ ತಮಿಳರು, ಮಲಯಾಳಿಗಳು, ಮರಾಠಿಗರು ಎಲ್ಲ ಇದ್ದರು. ಎರಡು ಅಂಕದಲ್ಲಿ ಗೆದ್ದ ಪಂದ್ಯದಲ್ಲಿ ಯಾರ ಕೈಯನ್ನು ತೆಗೆದಿಟ್ಟು ಲೆಕ್ಕ ಹಾಕುತ್ತೀರಿ?

ಆದ್ದರಿಂದ ಪಂಚಾಯ್ತಿಯವರಿಗೆ, ಯುವಕ ಸಂಘದವರಿಗೆ ಒಂದು ಕೋರಿಕೆ. ವರ್ಷಕ್ಕೆ ಒಂದೇ ಒಂದು ಟೂರ್ನಿ ಊರಿನ ಹೆಸರಲ್ಲಿ ಮಾಡಿ. ಗ್ರಾಮ ಪಂಚಾಯ್ತಿಗೊಂದು ತಂಡ. ಅರ್ಜಿಯಲ್ಲಿ ಮೂರೇ ಸಾಲು ಸಾಕು: ಹೆಸರು, ವಯಸ್ಸು, ಊರು. ಹಾಕಿ ಆಗಲಿ, ವಾಲಿಬಾಲ್ ಆಗಲಿ, ಬ್ಯಾಸ್ಕೆಟ್‌ಬಾಲ್ ಆಗಲಿ. ಬ್ಯಾಸ್ಕೆಟ್‌ಬಾಲ್ ಅಂದರೆ ಖರ್ಚು ಎನ್ನಬೇಡಿ. ಹಳೆಯ ಕಾಫಿ ಕಣ ಖಾಲಿ ಬಿದ್ದಿರುವ ಊರುಗಳು ಎಷ್ಟಿಲ್ಲ. ಎರಡು ಕಂಬ, ಎರಡು ಬಳೆ, ಸುಣ್ಣದ ಗೆರೆ. ಕಾಫಿ ಒಣಗಿಸುವುದು ಡಿಸೆಂಬರ್‌ನಿಂದ, ಮಿಕ್ಕ ತಿಂಗಳು ಕಣ ಸುಮ್ಮನೆ ಬಿದ್ದಿರುತ್ತದೆ. ಮೈಕ್ ಹಿಡಿಯುವವರಿಗೂ ಒಂದು ಮಾತು. ಮಗು ತನ್ನ ಹೆಸರು ಹೇಳಿದ ಮೇಲೆ ಸಾಕು. ಎರಡನೇ ಸಲ ಕೇಳಬೇಡಿ.

ಇನ್ನು ನಮ್ಮ ಕಡೆಯವರಿಗೆ, ಅಂದರೆ ಸುದ್ದಿ ಕಳಿಸುವವರಿಗೆ. ಆಟಗಾರರ ಸುದ್ದಿಯಲ್ಲಿ ಅಪ್ಪನ ಮನೆತನ ಬರೆಯುವುದಾದರೆ ಅಮ್ಮನ ಹೆಸರನ್ನೂ ಬರೆಯೋಣ. ಇಲ್ಲದಿದ್ದರೆ ಎರಡನ್ನೂ ಬಿಡೋಣ. 'ಕೂರ್ಗ್ ರಕ್ತ', 'ವೀರರ ನಾಡಿನ ಕುವರ' ಎಂಬುದನ್ನೆಲ್ಲ ನಾನೂ ಬೇಕಾದಷ್ಟು ಬರೆದಿದ್ದೇನೆ, ಡೆಸ್ಕಿನವರಿಗೆ ಇಷ್ಟ ಆಗುತ್ತದೆ ಅಂತ. ರಕ್ತ ಬ್ಯಾಟಿಂಗ್ ಮಾಡುವುದಿಲ್ಲ. ಉತ್ತಪ್ಪ ಅವರ ಬ್ಯಾಟಿಂಗ್ ಸರಿಯಾದದ್ದು ಆಮ್ರೆ ಅವರ ಜೊತೆ ನೆಟ್‌ನಲ್ಲಿ ಬೆವರು ಹರಿಸಿದ್ದರಿಂದ.

ಮೊನ್ನೆ ಆ ಹುಡುಗಿಯ ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. ಮಗಳು ಪ್ರಾಕ್ಟೀಸಿಗೆ ಹೋಗಿದ್ದಾಳೆ, ಕ್ರೀಡಾ ಹಾಸ್ಟೆಲ್ ಆಯ್ಕೆಗೆ ತಯಾರಿ ನಡೆದಿದೆ ಎಂದರು. ಮಲಯಾಳದ ಎಳೆತ ಇರುವ ಕನ್ನಡ. ಹೋದ ವರ್ಷದ ಸುದ್ದಿಯನ್ನು ಕತ್ತರಿಸಿ ಇಟ್ಟಿದ್ದೇವೆ ಸಾರ್, ಥ್ಯಾಂಕ್ಸ್ ಎಂದರು. ನನಗೆ ಮಾತು ಹೊರಡಲಿಲ್ಲ. ಆಮೇಲೆ, ನಿಮ್ಮ ಹೆಸರೇನು ಅಂದೆ.

'ನನ್ನ ಹೆಸರು ಯಾಕೆ ಸಾರ್?'

'ಬೇಕಿತ್ತು ಅಕ್ಕ, ಬರೆದುಕೊಳ್ಳಲಿಕ್ಕೆ.'

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಇನಿಷಿಯಲ್ ಸಮೇತ, ಎರಡು ಸಲ, ನಿಧಾನವಾಗಿ. ಇಲ್ಲಿ ಹಾಕುತ್ತಿಲ್ಲ, ಮಗಳು ಇನ್ನೂ ಚಿಕ್ಕವಳು. ಮುಂದಿನ ಪಂದ್ಯದ ಸುದ್ದಿಯಲ್ಲಿ ಬರುತ್ತದೆ, ಡೆಸ್ಕಿನವರು ಜಾಗ ಇಲ್ಲ ಎಂದು ಕತ್ತರಿಸದಿದ್ದರೆ.